ಮೂವತ್ತೊಂಬತ್ತು ಗುಂಡಿ

ನನ್ನ ಮೇಜಿನ ಖಾನೆಯಲ್ಲಿ ಬೂದು ಬಣ್ಣದ ಒಂದು ರಬ್ಬರ್ ಹಾಳೆ ಇದೆ. ಅಂಗೈಯಷ್ಟು ಅಗಲ, ಅದಕ್ಕಿಂತ ತುಸು ಉದ್ದ. ಮೇಲೆ ಸಾಲುಸಾಲಾಗಿ ಉಬ್ಬುಗಳು. ತಿರುವಿ ನೋಡಿದರೆ ಪ್ರತಿ ಉಬ್ಬಿನ ಹೊಟ್ಟೆಯಲ್ಲೂ ಇಂಗಾಲದ ಒಂದು ಕರಿ ಚುಕ್ಕಿ. ರಜೆಗೆ ಬಂದಾಗ ಮೊಮ್ಮಗಳು ಅದನ್ನು ಒತ್ತಿ ಒತ್ತಿ ಆಡುತ್ತಾಳೆ. ಅದು ಏನೆಂದು ಅವಳು ಒಮ್ಮೆಯೂ ಕೇಳಿಲ್ಲ. ಕೇಳಿದ್ದರೆ, "ಇದು ಕ್ಯಾಲ್ಕುಲೇಟರಿನ ಕೀಪ್ಯಾಡು, ಇದರ ಮೇಲೆ ಏನಿರಬೇಕು, ಎಲ್ಲಿರಬೇಕು ಅಂತ ನಾವು ಐದು ಜನ ಏಳು ತಿಂಗಳು ಜಗಳವಾಡಿದ್ದೇವೆ" ಎಂದು ಹೇಳುತ್ತಿದ್ದೆ.

ಜಗಳವಾಡುವಂಥದ್ದು ಅದರಲ್ಲೇನಿದೆ ಎಂದು ನಿಮಗೂ ಅನ್ನಿಸಬಹುದು. ಸೈಂಟಿಫಿಕ್ ಕ್ಯಾಲ್ಕುಲೇಟರ್ ಎಂದರೆ ಎಲ್ಲರಿಗೂ ಗೊತ್ತಿರುವ ವಸ್ತು. ಇಂಜಿನಿಯರಿಂಗ್ ಓದಿದವರ ಮನೆಯಲ್ಲಿ ಒಂದಾದರೂ ಹಳೆಯದು ಸಿಗುತ್ತದೆ, ಹಿಂಬದಿಯ ಮುಚ್ಚಳದ ಮೇಲೆ ಬ್ಲೇಡಿನಿಂದ ಕೆತ್ತಿದ ಹೆಸರಿನ ಸಮೇತ. ಆದರೆ ಅದರ ಮುಖದ ಮೇಲಿನ ನಲವತ್ತು ಚಿಲ್ಲರೆ ಗುಂಡಿಗಳನ್ನು ಯಾರೋ ಕುಳಿತು ಆರಿಸಿದ್ದಾರೆ. ಯಾವುದು ಒಂದೇ ಒತ್ತಿಗೆ ಸಿಗಬೇಕು, ಯಾವುದು ಶಿಫ್ಟ್ ಹಿಂದೆ ಅಡಗಬೇಕು, ಯಾವುದು ಬೇಡವೇ ಬೇಡ ಎಂದು ತೀರ್ಮಾನಿಸಿದ್ದಾರೆ. ಆ ತೀರ್ಮಾನ ತಪ್ಪಿದರೆ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದು ನನಗೆ ಸ್ವಂತ ಅನುಭವದಿಂದ ಗೊತ್ತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

1986. ಧಾರವಾಡದ ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದ ನಾನು ಪಿಂಪ್ರಿಯ ಒಂದು ಟೂಲ್ ರೂಮಿನಲ್ಲಿ ಕೆಲಸಕ್ಕಿದ್ದೆ. ಸಂಜೆ ಎ.ಎಂ.ಐ.ಇ. ಪರೀಕ್ಷೆಗೆ ಓದು. ಸರ್ಫೇಸ್ ಗ್ರೈಂಡರ್ ಮೇಲೆ ವಿಜಾಪುರ ಜಿಲ್ಲೆಯ ಒಬ್ಬ ಹಿರಿಯ ಕೆಲಸಗಾರರಿದ್ದರು. ಮರಾಠಿಯವರು, ಕನ್ನಡದವರು ಎನ್ನದೆ ಶಾಪಿನ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಓದಿದ್ದು ಏಳನೆಯ ಇಯತ್ತೆ. ಆದರೆ ಅವರು ಜೋಡಿಸಿದ ಸ್ಲಿಪ್ ಗೇಜನ್ನು ಇನ್‌ಸ್ಪೆಕ್ಷನ್ನಿನವರು ಮರಳಿ ಅಳೆಯುತ್ತಿರಲಿಲ್ಲ.

ಕೋನದ ಕೆಲಸಕ್ಕೆ ಸೈನ್ ಬಾರ್ ಬಳಸುತ್ತಾರೆ. 200 ಮಿಲಿಮೀಟರ್ ಅಂತರದಲ್ಲಿ ಎರಡು ಉರುಳೆಗಳಿರುವ ಉಕ್ಕಿನ ಪಟ್ಟಿ. ಒಂದು ಉರುಳೆಯ ಕೆಳಗೆ ಲೆಕ್ಕ ಹಾಕಿದಷ್ಟು ಎತ್ತರದ ಸ್ಲಿಪ್ ಗೇಜ್ ಇಟ್ಟರೆ ಪಟ್ಟಿ ಬೇಕಾದ ಕೋನಕ್ಕೆ ವಾಲಿ ನಿಲ್ಲುತ್ತದೆ. ಎತ್ತರ ಎಂದರೆ 200 ಗುಣಿಲೆ ಆ ಕೋನದ ಸೈನ್. ಈ ಲೆಕ್ಕ ಮಾಡಿಕೊಡುವುದು ನನ್ನ ಕೆಲಸ. ಅವತ್ತು ಊಟದ ಬಿಡುವಿನಲ್ಲಿ ಎ.ಎಂ.ಐ.ಇ. ಪುಸ್ತಕದ ಒಂದು ಲೆಕ್ಕ ಬಿಡಿಸುತ್ತ ಕೂತಿದ್ದೆ. ಅದಕ್ಕೆ ರೇಡಿಯನ್ ಬೇಕಿತ್ತು. ನನ್ನ ಕ್ಯಾಲ್ಕುಲೇಟರಿನಲ್ಲಿ ಡಿ.ಆರ್.ಜಿ. ಎಂಬ ಒಂದು ಗುಂಡಿ. ಒತ್ತಿದರೆ ಡಿಗ್ರಿಯಿಂದ ರೇಡಿಯನ್ನಿಗೆ ಹೋಗುತ್ತಿತ್ತು. ಕಾಕಾ ಬಂದು, "ಐದ ಡಿಗ್ರಿಗೆ ಎಷ್ಟ ಬರ್ತದ ನೋಡ್ರಿ ಸಾಹೇಬ್ರ" ಎಂದರು. ನಾನು ಡಿ.ಆರ್.ಜಿ. ಒಂದು ಸಲ ಒತ್ತಿದೆ. 5, ಸೈನ್, ಗುಣಿಲೆ 200. ಬಂದ ಉತ್ತರ ಬರೆದುಕೊಟ್ಟು ಕ್ಯಾಲ್ಕುಲೇಟರ್ ಆರಿಸಿದೆ.

ಹದಿನೆಂಟು ಬೆಣೆ ತುಂಡುಗಳು. ಹದ ಹಾಕಿದ ಗಟ್ಟಿ ಉಕ್ಕು. ಮರುದಿನ ಇನ್‌ಸ್ಪೆಕ್ಷನ್ನಿನಲ್ಲಿ ಹದಿನೆಂಟೂ ರಿಜೆಕ್ಟ್. ಕೋನ ಐದು ಡಿಗ್ರಿ ಇರಬೇಕಾದಲ್ಲಿ ನಾಲ್ಕೂವರೆ. ತೆಳು ತುದಿಯನ್ನು ಅಳತೆಗೆ ತಂದಾಗಿತ್ತು; ದಪ್ಪ ತುದಿಗೆ ಇನ್ನು ಉಕ್ಕು ಎಲ್ಲಿಂದ ತರುವುದು?

ಫೋರ್‌ಮನ್ ನಮ್ಮಿಬ್ಬರನ್ನೂ ಕರೆದರು. ನಾನು ಎಲ್ಲರೆದುರಿಗೆ ಕ್ಯಾಲ್ಕುಲೇಟರ್ ಚಾಲೂ ಮಾಡಿ ಮತ್ತೆ ಲೆಕ್ಕ ಹಾಕಿ ತೋರಿಸಿದೆ: 17.431. ಕಾಕಾ ಹೇಳಿದರು: "ಚೀಟ್ಯಾಗ ಹದಿನೈದ ಪಾಯಿಂಟ ಆರ ಒಂಬತ್ತ ಎರಡ ಇತ್ರಿ. ನಾ ಅದನ್ನ ಇಟ್ಟೇನಿ." ಚೀಟಿ ಕೂಲಂಟಿನಲ್ಲಿ ನೆನೆದು ಎಲ್ಲೋ ಹೋಗಿತ್ತು. ನಾನು ಸುಳ್ಳು ಹೇಳಿರಲಿಲ್ಲ. ನನ್ನ ಕಣ್ಣೆದುರಿಗೇ ಯಂತ್ರ 17.431 ತೋರಿಸುತ್ತಿತ್ತು. ವಯಸ್ಸಾಯಿತು, ಕಾಕಾ ಗೇಜ್ ತಪ್ಪಾಗಿ ಜೋಡಿಸಿದ್ದಾರೆ ಎಂದೇ ನಾನೂ ನಂಬಿದೆ. ಅವರನ್ನು ಗ್ರೈಂಡರಿನಿಂದ ತೆಗೆದು ಕಚ್ಚಾ ಉಕ್ಕು ಕತ್ತರಿಸುವ ಗರಗಸದ ಮೇಲೆ ಹಾಕಿದರು. ಆ ವರ್ಷದ ಇನ್‌ಕ್ರಿಮೆಂಟ್ ಹೋಯಿತು. ನಾಲ್ಕೈದು ತಿಂಗಳಲ್ಲಿ ಅವರು ಕೆಲಸವನ್ನೇ ಬಿಟ್ಟರು.

ನನಗೆ ವಿಷಯ ತಿಳಿದದ್ದು ಅದಾದ ಮೇಲೆ, ಒಂದು ರಾತ್ರಿ ಓದುವಾಗ. ರೇಡಿಯನ್ನಿನಿಂದ ಡಿಗ್ರಿಗೆ ಮರಳಲು ಡಿ.ಆರ್.ಜಿ. ಒತ್ತಿ ಸೈನ್ 30 ನೋಡಿದರೆ 0.5 ಬರಬೇಕಾದಲ್ಲಿ 0.4539905 ಬಂತು. ಮೇಲಿನ ಅಂಚಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಗ್ರ್ಯಾಡ್ ಎಂದಿತ್ತು. ಕೈ ನಡುಗುತ್ತಲೇ 5 ಒತ್ತಿ, ಸೈನ್ ಒತ್ತಿ, 200ರಿಂದ ಗುಣಿಸಿದೆ. 15.691819.

ಆ ಗುಂಡಿಯನ್ನು ನಾನು ಎರಡರ ನಡುವೆ ಓಡಾಡುವ ಸ್ವಿಚ್ ಎಂದುಕೊಂಡಿದ್ದೆ. ಅದು ಮೂರರ ಚಕ್ರ: ಡಿಗ್ರಿ, ರೇಡಿಯನ್, ಗ್ರೇಡಿಯನ್, ಮತ್ತೆ ಡಿಗ್ರಿ. ಸಾಮಾನ್ಯವಾಗಿ ಓದು ಮುಗಿದ ಮೇಲೆ ಆರಿಸಿಬಿಡುತ್ತಿದ್ದೆ, ಮತ್ತೆ ಹಚ್ಚಿದಾಗ ಯಂತ್ರ ತಾನಾಗಿ ಡಿಗ್ರಿಗೆ ಬಂದಿರುತ್ತಿತ್ತು. ಹಾಗಾಗಿ ಮೂರನೆಯ ಮನೆಗೆ ಕಾಲಿಟ್ಟಿರಲೇ ಇಲ್ಲ. ಗ್ರೇಡಿಯನ್ ಎಂದರೆ ಲಂಬಕೋನವನ್ನು 90ರ ಬದಲು 100 ಪಾಲು ಮಾಡುವ ಪದ್ಧತಿ. ಫ್ರೆಂಚ್ ಕ್ರಾಂತಿಯ ಕಾಲದ ದಶಮಾನದ ಹುಚ್ಚಿನಲ್ಲಿ ಹುಟ್ಟಿದ್ದು. ಯುರೋಪಿನ ಕೆಲವು ದೇಶಗಳ ಸರ್ವೆಯವರಲ್ಲಿ ಉಳಿದುಕೊಂಡಿದೆ. ನಮ್ಮ ಶಾಪುಗಳಲ್ಲಿ ಅದನ್ನು ಬೇಕೆಂದು ಬಳಸಿದವರನ್ನು ನಾನು ನೋಡಿಲ್ಲ.

ಅದರ ಕಪಟ ಎಲ್ಲಿದೆ ನೋಡಿ. ತಪ್ಪಿ ರೇಡಿಯನ್ನಿನಲ್ಲಿ ಸೈನ್ 5 ತೆಗೆದರೆ ಉತ್ತರ ಮೈನಸ್ 0.9589. ಮೈನಸ್ ಎತ್ತರದ ಗೇಜನ್ನು ಯಾರೂ ಇಡಲಾರರು, ತಪ್ಪು ಅಲ್ಲೇ ಕೂಗಿ ಹೇಳುತ್ತದೆ. ಗ್ರೇಡಿಯನ್ ಹಾಗಲ್ಲ. ಕೋನವನ್ನು ಹತ್ತನೆಯ ಒಂದು ಪಾಲಷ್ಟೇ ಕಡಿಮೆ ಮಾಡುತ್ತದೆ. ಉತ್ತರ ಸಭ್ಯವಾಗಿ ಕಾಣುತ್ತದೆ. 17.431ನ್ನು ನಾಲ್ಕು ಗೇಜುಗಳಲ್ಲಿ ಜೋಡಿಸಬಹುದು, 15.692ನ್ನೂ ನಾಲ್ಕೇ ಗೇಜುಗಳಲ್ಲಿ ಜೋಡಿಸಬಹುದು. ಐದು ಡಿಗ್ರಿಗೂ ನಾಲ್ಕೂವರೆಗೂ ವ್ಯತ್ಯಾಸ ಬರಿಗಣ್ಣಿಗೆ ತಿಳಿಯುವುದಿಲ್ಲ.

ಮರುದಿನ ಫೋರ್‌ಮನ್ನಿಗೆ ಹೇಳಿದೆ. "ಝಾಲಂ ತೇ ಝಾಲಂ" ಎಂದರು ಅವರು, ಆದದ್ದು ಆಗಿಹೋಯಿತು ಎಂದು. ಕಾಕಾ ಇದ್ದ ಚಾಳಿಗೆ ಹೋದರೆ ಖೋಲಿ ಖಾಲಿ ಮಾಡಿ ಊರಿಗೆ ಹೋದರೋ ಬೇರೆಡೆಗೆ ಹೋದರೋ ನೆರೆಯವರಿಗೂ ಗೊತ್ತಿರಲಿಲ್ಲ.

ಇಪ್ಪತ್ತೆರಡು ವರ್ಷಗಳ ನಂತರ, 2008ರಲ್ಲಿ, ನಾನಿದ್ದ ಸಣ್ಣ ಉಪಕರಣ ಕಂಪನಿಯ ಮಾಲೀಕರು ಐ.ಟಿ.ಐ. ಹುಡುಗರಿಗೂ ವರ್ಕ್‌ಶಾಪುಗಳಿಗೂ ಆಗುವ ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್ ಮಾಡೋಣ ಎಂದರು. ಗುಂಡಿಗಳ ಜವಾಬ್ದಾರಿ ಯಾರು ತೆಗೆದುಕೊಳ್ಳುತ್ತೀರಿ ಎಂದು ಕೇಳುವ ಮೊದಲೇ ನನ್ನ ಕೈ ಮೇಲಿತ್ತು.

ಶುರು ಮಾಡುವ ಮೊದಲು ಹಿಂದಿನವರು ಹೇಗೆ ಮಾಡಿದರು ಎಂದು ಓದಿದೆ. ಈ ವಿದ್ಯೆಗೆ ಮೂಲಪುರುಷ ಎನ್ನಬೇಕಾದದ್ದು ಹ್ಯೂಲೆಟ್-ಪ್ಯಾಕರ್ಡಿನ ಎಚ್‌ಪಿ-35. 1968ರಲ್ಲಿ ಅವರು 9100ಎ ಎಂಬ ಮೇಜಿನ ಯಂತ್ರ ತಂದಿದ್ದರು. ಸುಮಾರು 18 ಕಿಲೋ ತೂಕ, ಬೆಲೆ 4,900 ಡಾಲರ್. ಬಿಲ್ ಹ್ಯೂಲೆಟ್ಟರಿಗೆ ಅದು ತಮ್ಮ ಅಂಗಿಯ ಜೇಬಿನಲ್ಲಿ ಹಿಡಿಯಬೇಕೆಂಬ ಹಟ. ಮಾರುಕಟ್ಟೆಯ ಅಧ್ಯಯನವೊಂದು ಇಷ್ಟು ದುಬಾರಿ ಜೇಬುಯಂತ್ರವನ್ನು ಕೊಳ್ಳುವವರಿಲ್ಲ ಎಂದಿತು. ಹ್ಯೂಲೆಟ್ ಕೇಳಲಿಲ್ಲ. 1972ರ ಆರಂಭದಲ್ಲಿ 395 ಡಾಲರಿಗೆ ಮಾರಾಟಕ್ಕೆ ಬಂತು. ಹತ್ತು ಸಾವಿರ ಮಾರಿದರೆ ಹಾಕಿದ ದುಡ್ಡು ಬರುತ್ತದೆ ಎಂದುಕೊಂಡಿದ್ದರು. ಮೊದಲ ವರ್ಷವೇ ಒಂದು ಲಕ್ಷ ಹೋಯಿತು. ಸ್ಲೈಡ್ ರೂಲುಗಳ ಕಾಲ ಅಲ್ಲಿಗೆ ಮುಗಿಯುತ್ತ ಬಂತು. ಕ್ಲಾರ್ಕ್ಸ್ ಟೇಬಲ್ಸಿನ ಕಾಲ ನಮ್ಮಲ್ಲಿ ಇನ್ನೂ ಎಷ್ಟೋ ವರ್ಷ ನಡೆಯಿತು, ಅದು ಬೇರೆ ಮಾತು.

35 ಎಂಬ ಹೆಸರು ಬಂದದ್ದು ಗುಂಡಿಗಳ ಸಂಖ್ಯೆಯಿಂದ. ಮೇಲೆ ಐದೈದರ ಮೂರು ಸಾಲು, ಆಮೇಲೆ ನಾಲ್ಕು, ಕೆಳಗೆ ನಾಲ್ಕು ನಾಲ್ಕರ ನಾಲ್ಕು ಸಾಲು. ಎಣಿಸಿ ನೋಡಿ, ಸರಿಯಾಗಿ 35. ಸಾಮಾನ್ಯವಾಗಿ ಇಂಜಿನಿಯರುಗಳು ಒಳಗಿನ ಯಂತ್ರ ಮಾಡಿ ಅದಕ್ಕೆ ಹೊದಿಕೆ ಹೊಲಿಯುತ್ತಾರೆ. ಇಲ್ಲಿ ಹೊರಗಿನ ಆಕಾರ, ಗುಂಡಿಗಳ ಜಾಗ ಮೊದಲು ನಿಂತು, ಒಳಗಿನದು ಅದಕ್ಕೆ ತಗ್ಗಿ ಬಗ್ಗಿ ಹೊಂದಿಕೊಂಡಿತು. ಅಂಕಿಗಳಿಗೆ ದೊಡ್ಡ, ತಿಳಿ ಬಣ್ಣದ ಗುಂಡಿಗಳು, ನಡುವೆ ಹೆಚ್ಚು ಜಾಗ. ಸೈನ್, ಲಾಗ್ ಮುಂತಾದವಕ್ಕೆ ಸಣ್ಣವು. ಅಂಕಿಯನ್ನು ಬೆರಳು ನೋಡದೆಯೇ ಒತ್ತುತ್ತದೆ, ಸೈನನ್ನು ಕಣ್ಣು ಹುಡುಕಿ ಒತ್ತುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿದೆ. ಗುಂಡಿಯ ಮೇಲಿನ ಗುರುತು ಅಳಿಸಿಹೋಗದಂತೆ ಅಕ್ಷರವನ್ನೇ ಬೇರೆ ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಗುಂಡಿಯ ಆಳದವರೆಗೆ ಎರಕ ಹೊಯ್ದಿದ್ದರು. ಸವೆದಷ್ಟೂ ಅಕ್ಷರ ಉಳಿಯುತ್ತದೆ.

ಅದರಲ್ಲಿ 'ಸಮ' ಗುಂಡಿಯೇ ಇಲ್ಲ. 3, ಎಂಟರ್, 4, ಕೂಡು: ಉತ್ತರ ತಾನಾಗಿ ಬರುತ್ತದೆ. ಪೋಲೆಂಡಿನ ತರ್ಕಶಾಸ್ತ್ರಿ ಯಾನ್ ಲುಕಾಸಿಯೆವಿಚ್ ಅವರ ಬರವಣಿಗೆಯನ್ನು ಹಿಂದುಮುಂದು ಮಾಡಿದ ಪದ್ಧತಿ. ಆವರಣ ಚಿಹ್ನೆಗಳು ಬೇಕಾಗುವುದಿಲ್ಲ, ಎರಡು ಗುಂಡಿ ಉಳಿಯಿತು. ಎಂಟರ್ ಗುಂಡಿಯನ್ನು ಮಾತ್ರ ಎರಡು ಗುಂಡಿಯಷ್ಟು ಅಗಲ ಮಾಡಿದರು. ವಿಲೋಮ ಕೋನಗಳಿಗೆ ಮೂರು ಗುಂಡಿ ಇಡದೆ 'ಆರ್ಕ್' ಎಂಬ ಒಂದೇ ಗುಂಡಿ ಇಟ್ಟರು. ಅದನ್ನು ಒತ್ತಿ ಸೈನ್ ಒತ್ತಿದರೆ ವಿಲೋಮ ಸೈನ್. ಇಂದಿನ ಶಿಫ್ಟಿನ ಅಜ್ಜ ಅದು. ಮತ್ತು ನನಗೆ ಬಹಳ ಹಿಡಿಸಿದ ವಿಷಯ: ಎಚ್‌ಪಿ-35ರಲ್ಲಿ ಕೋನ ಎಂದರೆ ಡಿಗ್ರಿ ಮಾತ್ರ. ರೇಡಿಯನ್, ಗ್ರೇಡಿಯನ್ ಎರಡೂ ಮರುವರ್ಷದ ಎಚ್‌ಪಿ-45ರಲ್ಲಿ ಬಂದವು. 1972ರ ಯಂತ್ರ ನನ್ನ ಕೈಯಲ್ಲಿದ್ದಿದ್ದರೆ ಕಾಕಾ ಗ್ರೈಂಡರಿನ ಮೇಲೆಯೇ ಉಳಿಯುತ್ತಿದ್ದರು.

ಹಾಗೆಂದು ಅವರೂ ಎಡವದೆ ಇರಲಿಲ್ಲ. ಘಾತದ ಗುಂಡಿಯಲ್ಲಿ ಮೊದಲು ಘಾತಾಂಕ, ಆಮೇಲೆ ಆಧಾರ ಒತ್ತಬೇಕಿತ್ತು. ಎರಡರ ಘಾತ ಮೂರು ಬೇಕಿದ್ದರೆ ಮೊದಲು 3, ನಂತರ 2. ಮುಂದಿನ ಮಾದರಿಯಲ್ಲಿ ಅದನ್ನು ತಿರುಗಿಸಿದರು. ಮೊದಲ ಕಂತಿನ ಯಂತ್ರಗಳಲ್ಲಿ 2.02ರ ಸ್ವಾಭಾವಿಕ ಲಾಗ್ ತೆಗೆದು ಮತ್ತೆ ಅದರ ಇ-ಘಾತ ಮಾಡಿದರೆ 2.02 ಬರಬೇಕು, 2 ಬರುತ್ತಿತ್ತು. ಕಂಪನಿ ಒಪ್ಪಿಕೊಂಡು, ಬೇಕಾದವರಿಗೆ ಸರಿಪಡಿಸಿಕೊಡುವುದಾಗಿ ಹೇಳಿತು. ಒಪ್ಪಿಕೊಳ್ಳುವುದು ಕಷ್ಟದ ಕೆಲಸ, ನನಗೆ ಗೊತ್ತು.

ನಮ್ಮ ಯಂತ್ರಕ್ಕೆ ಬರೋಣ. ಐದು ಅಂಕಣ, ಎಂಟು ಸಾಲು, ಒಟ್ಟು ನಲವತ್ತು ಎಂದು ಮೊದಲೇ ಗೊತ್ತಾಯಿತು. ಅದಕ್ಕೆ ಕಾರಣ ತಂತಿ. ಪ್ರತಿ ಗುಂಡಿಗೂ ಬೇರೆ ತಂತಿ ಎಳೆದರೆ ಚಿಪ್ಪಿಗೆ ನಲವತ್ತು ಕಾಲು ಬೇಕು. ಜಾಲರಿ ಮಾಡಿದರೆ ಐದು ಅಡ್ಡ, ಎಂಟು ಉದ್ದ, ಹದಿಮೂರರಲ್ಲಿ ಮುಗಿಯುತ್ತದೆ. ಚಿಪ್ಪು ಒಂದೊಂದೇ ಸಾಲಿಗೆ ಸಂಕೇತ ಕಳಿಸಿ ಯಾವ ಅಂಕಣದಿಂದ ಮರಳಿತು ಎಂದು ನೋಡುತ್ತಿರುತ್ತದೆ. ಇದರಲ್ಲಿ ಒಂದು ಚೇಷ್ಟೆ ಇದೆ. ಚೌಕದ ಮೂರು ಮೂಲೆಯ ಗುಂಡಿ ಒಟ್ಟಿಗೆ ಒತ್ತಿದರೆ ನಾಲ್ಕನೆಯ ಮೂಲೆಯದೂ ಒತ್ತಿದಂತೆ ಕಾಣುತ್ತದೆ. ಕ್ಯಾಲ್ಕುಲೇಟರಿನಲ್ಲಿ ಶಿಫ್ಟನ್ನು ಹಿಡಿದುಕೊಂಡು ಒತ್ತುವುದಿಲ್ಲ, ಒತ್ತಿ ಬಿಟ್ಟು ಮುಂದಿನದನ್ನು ಒತ್ತುತ್ತೇವೆ. ಇನ್ನು ರಬ್ಬರಿನ ಹೊಟ್ಟೆಯ ಇಂಗಾಲ ಬೋರ್ಡಿಗೆ ತಾಗುವಾಗ ಒಮ್ಮೆಗೇ ತಾಗುವುದಿಲ್ಲ, ಕೆಲವು ಮಿಲಿಸೆಕೆಂಡು ಅದುರುತ್ತದೆ. ಆ ಅದುರನ್ನು ಎಣಿಸಿದರೆ ಒಂದು 5 ಒತ್ತಿದಲ್ಲಿ ಮೂರು 5 ಬೀಳುತ್ತವೆ. ಸ್ವಲ್ಪ ಕಾದು ಓದಬೇಕು. ಬಹಳ ಕಾದರೆ ಬೇಗ ಒತ್ತುವವರ ಅಂಕಿ ನುಂಗಿಹೋಗುತ್ತದೆ. ನಾವು 20 ಮಿಲಿಸೆಕೆಂಡಿಗೆ ನಿಂತೆವು.

ಅಂಕಿಗಳ ಜಾಗದಲ್ಲಿ ಚರ್ಚೆ ಇರಲಾರದು ಎಂದುಕೊಂಡಿದ್ದೆ. ತಂಡದ ಎಳೆಯ ಹುಡುಗನೊಬ್ಬ, "ಸರ್, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, 1-2-3 ಮೇಲಿಡೋಣ" ಎಂದ. ಮಾತಿನಲ್ಲಿ ಹುರುಳಿತ್ತು. ಕೂಡುವ ಯಂತ್ರಗಳ ಕಾಲದಿಂದ ಲೆಕ್ಕದವರಿಗೆ 7-8-9 ಮೇಲೆ. ಫೋನಿಗೆ ಗುಂಡಿ ಬಂದಾಗ ಬೆಲ್ ಪ್ರಯೋಗಾಲಯದವರು ಹತ್ತಾರು ಜೋಡಣೆ ಪರೀಕ್ಷಿಸಿ, 1960ರಲ್ಲಿ ಪ್ರಕಟಿಸಿ, 1-2-3 ಮೇಲಿರುವುದನ್ನು ಒಪ್ಪಿದರು. ಎರಡೂ ಹಾಗೆಯೇ ಉಳಿದವು. ಒಂದೇ ಮನುಷ್ಯ, ಒಂದೇ ಬೆರಳು, ಎರಡು ಅಭ್ಯಾಸ. ನಾವು ಹಳೆಯದನ್ನೇ ಇಟ್ಟೆವು. ಕನ್ನಡ ಸಂಘದ ಗೆಳೆಯರೊಬ್ಬರು ಗುಂಡಿಯ ಮೇಲೆ ಕನ್ನಡ ಅಂಕಿ ಹಾಕಬಾರದೇ ಎಂದು ಕೇಳಿದರು. ಆಸೆ ನನಗೂ ಇತ್ತು. ಆದರೆ ಡ್ರಾಯಿಂಗಿನಲ್ಲಿ, ವರ್ನಿಯರಿನಲ್ಲಿ, ಗೇಜಿನ ಮೇಲೆ ಇರುವ ಅಂಕಿಯೇ ಬೆರಳಿನ ಕೆಳಗೂ ಇರಬೇಕು. ಮೇಲಾಗಿ ಎಣ್ಣೆ ಹತ್ತಿದ ಸಣ್ಣ ಗುಂಡಿಯ ಮೇಲೆ ೬ಕ್ಕೂ ೯ಕ್ಕೂ ವ್ಯತ್ಯಾಸ ಹುಡುಕುತ್ತ ಕೂರಲಾಗದು.

ನಿಜವಾದ ಜಗಳ ಮೇಲಿನ ಸಾಲುಗಳದ್ದು. ನಾನು ಭೋಸರಿಯ ಮೂರ್ನಾಲ್ಕು ಶಾಪುಗಳಲ್ಲಿ ಹೋಗಿ ಕೂತು, ಜನ ಏನೇನು ಒತ್ತುತ್ತಾರೆ ಎಂದು ಸುಮ್ಮನೆ ನೋಡಿದೆ. ಗುಣಾಕಾರ, ಭಾಗಾಕಾರ, ಆವರಣ, ವರ್ಗಮೂಲ, ಸೈನ್, ಟ್ಯಾನ್, ವಿಲೋಮ ಟ್ಯಾನ್. ಡಿಗ್ರಿ-ಮಿನಿಟ್-ಸೆಕೆಂಡಿನ ಗುಂಡಿ ಎಲ್ಲಕ್ಕಿಂತ ಮೇಲು, ಏಕೆಂದರೆ ಡ್ರಾಯಿಂಗಿನಲ್ಲಿ 2 ಡಿಗ್ರಿ 51 ಮಿನಿಟ್ ಎಂದೇ ಬರೆದಿರುತ್ತಾರೆ. ಲಾಗ್ ಒತ್ತಿದವರನ್ನು ಕಾಣಲಿಲ್ಲ. ಸಲಹೆಗೆಂದು ಕರೆದಿದ್ದ ಪ್ರಾಧ್ಯಾಪಕರು ಮಾತ್ರ ಲಾಗ್ ಸರಿ, ಹೈಪರ್ಬೋಲಿಕ್ಕಿಗೆ ಪ್ರತ್ಯೇಕ ಗುಂಡಿ ಇಲ್ಲದಿದ್ದರೆ ಕಾಲೇಜುಗಳು ಮುಟ್ಟುವುದಿಲ್ಲ ಎಂದರು. ಮಾರಾಟದವರದ್ದು ಮೂರನೆಯ ರಾಗ. ಅವರಿಗೆ ಗುಂಡಿ ಬೇಡ, ಡಬ್ಬಿಯ ಮೇಲಿನ ಸಂಖ್ಯೆ ಬೇಕು. ನಮ್ಮ ಹುಡುಗರೆಲ್ಲ ಕೊಳ್ಳುವ ಕ್ಯಾಸಿಯೋ ಎಫ್‌ಎಕ್ಸ್-82 ಎಂಎಸ್ ಡಬ್ಬಿಯ ಮೇಲೆ 240 ಫಂಕ್ಷನ್, 991 ಎಂಎಸ್ ಮೇಲೆ 401. ನಮ್ಮದರ ಮೇಲೆ 60 ಎಂದು ಬರೆದರೆ ಅಂಗಡಿಯವನು ಮೇಲೆತ್ತಿಯೂ ನೋಡುವುದಿಲ್ಲ ಎಂಬುದು ಅವರ ವಾದ. 991ರಲ್ಲಿ ಭೌತವಿಜ್ಞಾನದ ಸ್ಥಿರಾಂಕಗಳೇ 40 ಇವೆ. ಇಂಥವನ್ನೂ ಅಳತೆ ಬದಲಾವಣೆಗಳನ್ನೂ ಒಂದೊಂದಾಗಿ ಎಣಿಸುತ್ತ ಹೋದರೆ ಸಂಖ್ಯೆ ಬೇಗ ಬೆಳೆಯುತ್ತದೆ. ಟರ್ನರನಿಗೆ ಪ್ರೋಟಾನಿನ ದ್ರವ್ಯರಾಶಿ ಯಾಕೆ ಎಂದು ನಾನು ಕೇಳಿದರೆ, "ಬೇಡವಾದರೆ ಒತ್ತದಿರಲಿ" ಎಂಬ ಉತ್ತರ. ಈ ಉತ್ತರಕ್ಕೆ ನನ್ನಲ್ಲಿ ಒಂದೇ ಪ್ರತ್ಯುತ್ತರವಿತ್ತು: ಗ್ರೇಡಿಯನ್ ಕೂಡ ನನಗೆ ಬೇಡವಾಗಿತ್ತು, ಆದರೂ ಒತ್ತಿದೆ. ಅದನ್ನು ಆ ಸಭೆಯಲ್ಲಿ ಹೇಳಲು ಬಾಯಿ ಬರಲಿಲ್ಲ.

ಗುಂಡಿಯ ಮೇಲಿನ ಹೆಸರೂ ಬಲೆಯೇ. ಎಕ್ಸ್‌ಪ್ ಎಂಬ ಗುಂಡಿ 'ಗುಣಿಲೆ ಹತ್ತರ ಘಾತ' ಎಂಬುದರ ಚಿಕ್ಕರೂಪ. ಅದು ತಿಳಿಯದೆ ಹುಡುಗರು 5, ಗುಣಿಲೆ, 10, ಎಕ್ಸ್‌ಪ್, 3 ಎಂದು ಒತ್ತುತ್ತಾರೆ. 5,000 ಬರಬೇಕಾದಲ್ಲಿ 50,000. ಕ್ಯಾಸಿಯೋದವರು ಇಎಸ್ ಮಾದರಿಗಳಲ್ಲಿ ಆ ಹೆಸರು ತೆಗೆದು ×10 ಮತ್ತು ಅದರ ತಲೆಯ ಮೇಲೆ ಘಾತದ ಗುರುತು ಹಾಕಿದರು. ಗುಂಡಿ ಅದೇ, ಕೆಲಸ ಅದೇ, ಹೆಸರು ಮಾತ್ರ ಪ್ರಾಮಾಣಿಕ. ನಾವೂ ಅದನ್ನೇ ಮಾಡಿದೆವು. 6÷2(1+2) ಎಂಬುದಕ್ಕೆ ಉತ್ತರ 1 ಎನ್ನುವ ಯಂತ್ರಗಳೂ ಇವೆ, 9 ಎನ್ನುವವೂ ಇವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನಂಥ ಒಂದೇ ಕಂಪನಿಯ ಬೇರೆಬೇರೆ ಮಾದರಿಗಳು ಬರೆಯದೇ ಬಿಟ್ಟ ಗುಣಾಕಾರವನ್ನು ಬೇರೆಬೇರೆ ರೀತಿ ಓದಿವೆ. ನಮ್ಮದು ಅಲ್ಲಿ ನಿಂತು, ಆವರಣ ಹಾಕು ಎಂದು ಕೇಳುವಂತೆ ಮಾಡಿದೆವು. ಜನ ಬೈಯುತ್ತಾರೆ ಎಂದರು ಮಾರಾಟದವರು. ಬೈಯಲಿ ಎಂದೆ.

ಸೈನಿನ ಹೆಸರಿನದ್ದೂ ಒಂದು ಕತೆಯಿದೆ, ಬಿಡುವಾದಾಗ ತಂಡಕ್ಕೆ ಹೇಳುತ್ತಿದ್ದೆ. ಆರ್ಯಭಟನ ಕೋಷ್ಟಕದಲ್ಲಿ ಅದು ಜ್ಯಾ, ಬಿಲ್ಲಿನ ಹೆದೆ. ಅದರ ಇನ್ನೊಂದು ರೂಪ ಜೀವಾ, ಅರಬರ ಬಾಯಲ್ಲಿ ಜಿಬ ಆಯಿತು. ಸ್ವರವಿಲ್ಲದ ಅವರ ಬರಹದಲ್ಲಿ ಅದನ್ನು ಜೈಬ್, ಅಂದರೆ ಮಡಿಲು, ಎಂದು ಓದಿಕೊಂಡ ಲ್ಯಾಟಿನ್ ಅನುವಾದಕರು ಸೈನಸ್ ಎಂದು ಮಾಡಿದರು. ಓದುವಾಗಿನ ಒಂದು ತಪ್ಪು ಎಂಟುನೂರು ವರ್ಷ ಕಳೆದರೂ ಗುಂಡಿಯ ಮೇಲೆ ಕೂತಿದೆ.

ಕೋನದ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲಿಲ್ಲ. ಗ್ರೇಡಿಯನ್ ತೆಗೆದೆ. ಒಂದೇ ಒತ್ತಿಗೆ ಅಳತೆ ಬದಲಾಗುವ ಗುಂಡಿ ಇಡಲಿಲ್ಲ. ರೇಡಿಯನ್ ಬೇಕಾದವರು ಮೆನುವಿಗೆ ಹೋಗಿ ಆರಿಸಬೇಕು. ಮೇಲಂಚಿನ ಇರುವೆ ಅಕ್ಷರ ಸಾಲದೆಂದು, ಸೈನ್ 5 ಎಂದು ಒತ್ತಿದಾಗ ಪರದೆಯ ಮೇಲೆ 5ರ ಮಗ್ಗುಲಲ್ಲೇ ಡಿಗ್ರಿಯ ಸೊನ್ನೆ ಕಾಣುವಂತೆ, ರೇಡಿಯನ್ ಆದರೆ ಅದರ ಗುರುತು ಕಾಣುವಂತೆ ಮಾಡಿಸಿದೆ. ಸಾಫ್ಟ್‌ವೇರಿನ ಹುಡುಗಿ, "ಇದಕ್ಕೆ ಇಷ್ಟು ಯಾಕೆ ಸರ್?" ಎಂದಳು. ಮೊದಲ ಸಲ ಆ ಹದಿನೆಂಟು ತುಂಡಿನ ಕತೆಯನ್ನು ಯಾರಿಗಾದರೂ ಪೂರ್ತಿ ಹೇಳಿದ್ದು ಆಗ. ಅವಳು ಏನೂ ಅನ್ನಲಿಲ್ಲ, ಸಂಜೆಯೊಳಗೆ ಮಾಡಿಕೊಟ್ಟಳು. ಮರುದಿನ ತಾನೇ ಒಂದು ಸೇರಿಸಿದ್ದಳು: ಹಿಂದಿನ ಹತ್ತು ಲೆಕ್ಕಗಳನ್ನು ಆರಿಸಿದ ಮೇಲೂ ಯಂತ್ರ ನೆನಪಿಟ್ಟುಕೊಳ್ಳುತ್ತದೆ, ಯಾವ ಅಳತೆಯಲ್ಲಿ ಮಾಡಿದ್ದು ಎಂಬುದರ ಸಮೇತ. "ಇದಿದ್ದರೆ ಚೀಟಿ ಕಳೆದರೂ ನಡೀತಿತ್ತಲ್ಲ ಸರ್" ಎಂದಳು.

ಆ ನವೆಂಬರಿನಲ್ಲಿ ನಮ್ಮ ಕಡೆಯ ಕನ್ನಡ ಸಂಘದ ರಾಜ್ಯೋತ್ಸವ. ಊಟದ ಸಾಲಿನಲ್ಲಿ ಮುಂದೆ ನಿಂತಿದ್ದ ಮುದುಕರೊಬ್ಬರು ತಟ್ಟೆಯನ್ನು ಬೆಳಕಿಗೆ ಹಿಡಿದು ಅಂಚು ಸಪಾಟಾಗಿದೆಯೇ ಎಂದು ನೋಡುತ್ತಿದ್ದರು. ಗ್ರೈಂಡರಿನಿಂದ ಇಳಿಸಿದ ತುಂಡನ್ನು ನೋಡುವ ರೀತಿ. ಕಾಕಾ. ಇಷ್ಟು ವರ್ಷ ಅವರು ಚಿಂಚವಡದಲ್ಲೇ ಇದ್ದರು, ನಾನಿದ್ದ ಮನೆಯಿಂದ ಆರು ಕಿಲೋಮೀಟರು. ಮಗ ಜೊತೆಗಿದ್ದ.

ಗುರುತು ಹಿಡಿದರು. ಊಟ ಮುಗಿಯುವ ತನಕ ನನಗೆ ತುತ್ತು ಇಳಿಯಲಿಲ್ಲ. ಕೈ ತೊಳೆದ ಮೇಲೆ ಎಲ್ಲ ಹೇಳಿದೆ: ಡಿ.ಆರ್.ಜಿ., ಮೂರರ ಚಕ್ರ, ಆರಿಸಿ ಹಚ್ಚಿದ್ದು, ರಾತ್ರಿ ತಿಳಿದದ್ದು, ಚಾಳಿಗೆ ಹೋದದ್ದು. ಅವರು ಅಡ್ಡ ಮಾತಾಡದೆ ಕೇಳಿದರು.

"ಅಂದ್ರ ಹದಿನೈದ ಪಾಯಿಂಟ ಆರ ಒಂಬತ್ತ ಎರಡ ಅಂತನ ಬರದಿದ್ರಿ?"

"ಹೌದ್ರಿ ಕಾಕಾ. ನಾನ ಬರದಿದ್ದೆ."

"ನನ್ನ ಗೇಜ್ ಸರಿ ಇದ್ವು."

"ಸರಿ ಇದ್ವು."

ಅವರು ಮಗನ ಕಡೆ ತಿರುಗಿ, "ಕೇಳಿದ್ಯಾ?" ಎಂದರು. ಅವನು ತಲೆಯಾಡಿಸಿದ. ಆ ಮನೆಯಲ್ಲಿ ಈ ವಿಷಯ ಎಷ್ಟು ಸಲ ಬಂದುಹೋಗಿತ್ತೋ. ನನ್ನನ್ನು ಬೈಯಲಿಲ್ಲ; ಪರವಾಗಿಲ್ಲ ಎಂದೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಈಗ ಏನ ಮಾಡ್ಲಿಕತ್ತೀರಿ?" ಎಂದು ಕೇಳಿದರು. ಹೇಳಿದೆ. "ತೊಗೊಂಡ ಬರ್ರಿ, ನೋಡೂಣು" ಎಂದರು.

ಮುಂದಿನ ಭಾನುವಾರ ಮಾದರಿಯನ್ನು ತೆಗೆದುಕೊಂಡು ಅವರ ಮನೆಗೆ ಹೋದೆ. ಇನ್ನೂ ಅಚ್ಚು ಕೊರೆಸಿರಲಿಲ್ಲ. ಸಾಫ್ಟ್‌ವೇರ್ ಎಷ್ಟು ಸಲವಾದರೂ ತಿದ್ದಬಹುದು, ಅಚ್ಚು ಕೊರೆದ ಮೇಲೆ ಗುಂಡಿ ಕದಲುವುದಿಲ್ಲ. ಕಾಕಾ ಕನ್ನಡಕ ಹಾಕಿಕೊಂಡು ಸೈನ್ 5 ಗುಣಿಲೆ 200 ತಾವೇ ಒತ್ತಿದರು. 5ರ ಪಕ್ಕದ ಡಿಗ್ರಿಯ ಗುರುತಿನ ಮೇಲೆ ಉಗುರಿಟ್ಟು ನೋಡಿದರು. ಉತ್ತರ ನೋಡಿದರು. ಅದರ ಬಗ್ಗೆ ಏನೂ ಹೇಳಲಿಲ್ಲ. ಬಲಗೈ ಹೆಬ್ಬೆರಳನ್ನು ನನ್ನ ಮುಂದೆ ಹಿಡಿದರು. ಮೂವತ್ತು ವರ್ಷ ಉಕ್ಕು ಹಿಡಿದು ಚಪ್ಪಟೆಯಾದ ಬೆರಳು.

"ಈ 'ಬರೋಬರ್' ಬಟನ್ ಭಾಳ ಸಣ್ಣದ ಐತಿ. ಒತ್ತಾಕ ಹ್ವಾದ್ರ ಬಾಜೂದ ಬೀಳ್ತೈತಿ. ಎಲ್ಲಾರೂ ಕಡೀಕ ಇದನ್ನ ಒತ್ತೂದಲ್ಲಾ?"

ಬಾಜೂದ್ದು ಆನ್ಸ್, ಹಿಂದಿನ ಉತ್ತರವನ್ನು ಕರೆಯುವ ಗುಂಡಿ. ಅವರು ಹೇಳಿದ್ದು ಸರಿ. ತಪ್ಪಿ ಅದು ಬಿದ್ದರೆ ಲೆಕ್ಕದ ಬಾಲಕ್ಕೆ ಹಳೆಯ ಉತ್ತರ ಅಂಟಿಕೊಳ್ಳುತ್ತಿತ್ತು, ಸದ್ದಿಲ್ಲದೆ. ನಮ್ಮ ಐವರ ಎಳೆಯ, ಮೆತ್ತನೆಯ ಬೆರಳುಗಳಿಗೆ ಅದು ಏಳು ತಿಂಗಳಲ್ಲಿ ಒಮ್ಮೆಯೂ ತಿಳಿದಿರಲಿಲ್ಲ.

ಸೋಮವಾರ 'ಸಮ' ಗುಂಡಿಯನ್ನು ಎರಡು ಅಂಕಣದಷ್ಟು ಅಗಲ ಮಾಡಿದೆವು. ಆನ್ಸ್ ಮೇಲಿನ ಸಾಲಿಗೆ ಹತ್ತಿತು. ಅಲ್ಲಿದ್ದ ಹೈಪರ್ಬೋಲಿಕ್ ಮೆನುವಿನೊಳಗೆ ಹೋಯಿತು, ಪ್ರಾಧ್ಯಾಪಕರು ಸಿಟ್ಟಾದರು. ಎರಡು ಕಂತು ತಯಾರಾಗಿ ಮಾರಾಟವಾಯಿತು. ಆಮೇಲೆ ಎಲ್ಲರ ಮೊಬೈಲಿಗೂ ಕ್ಯಾಲ್ಕುಲೇಟರ್ ಬಂತು, ನಮ್ಮದು ನಿಂತಿತು. ಮೊಮ್ಮಗಳು ಒತ್ತಿ ಆಡುವ ರಬ್ಬರ್ ಹಾಳೆ ಆ ಮೊದಲ ಕಂತಿನದ್ದು. ಕೆಳಗಿನ ಸಾಲಿನ ಬಲ ಮೂಲೆಯಲ್ಲಿ ಒಂದು ಉಬ್ಬು ಮಾತ್ರ ಉಳಿದವಕ್ಕಿಂತ ಎರಡು ಪಟ್ಟು ಅಗಲ. ಹಾಗಾಗಿ ಒಟ್ಟು ಮೂವತ್ತೊಂಬತ್ತು.